ಲಸಿಕೆಯಿಂದ ಬಂದ ಪ್ರತಿಕಾಯವೋ, ಸೋಂಕಿನಿಂದ ಬಂದದ್ದೋ?

ಪ್ರಶ್ನೆ: ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆ. ಈಗ ಆಂಟಿ ಎಚ್‌ಬಿಎಸ್ (ವೈರಸ್‌ನ ಹೊರಪದರದ ಪ್ರೋಟೀನಿಗೆ ಪ್ರತಿಕಾಯ) 240 ಬಂದಿದೆ, ಆಂಟಿ ಎಚ್‌ಬಿಸಿ (ಒಳತಿರುಳಿನ ಪ್ರೋಟೀನಿಗೆ ಪ್ರತಿಕಾಯ) ನೆಗೆಟಿವ್. ನನ್ನ ರೂಮ್‌ಮೇಟ್‌ಗೆ ಎರಡೂ ಪಾಸಿಟಿವ್, ಎಚ್‌ಬಿಎಸ್‌ಎಜಿ (ಹೊರಪದರದ ಆ ಪ್ರೋಟೀನೇ, ರಕ್ತದಲ್ಲಿ ಸಿಕ್ಕರೆ ಸಾಮಾನ್ಯವಾಗಿ ಸೋಂಕು ಈಗಲೂ ಇದೆ ಅಂತ) ಮಾತ್ರ ನೆಗೆಟಿವ್. ಅವಳಿಗೆ ನನಗಿಂತ ರಕ್ಷಣೆ ಜಾಸ್ತಿಯೇ? ನನಗೆ ಲಸಿಕೆ ಅರ್ಧ ಮಾತ್ರ ಹಿಡಿದಿದೆಯೇ?

ಉತ್ತರ: ನಿಮಗೆ ಲಸಿಕೆ ಪೂರ್ತಿ ಹಿಡಿದಿದೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ 10 ಯೂನಿಟ್ ದಾಟಿದ್ದರೆ ಸಾಕು.

ಈ ವೈರಸ್‌ನ ಹೊರಪದರದಲ್ಲಿ ಒಂದು ಪ್ರೋಟೀನ್ ಇದೆ, ಒಳತಿರುಳಿನಲ್ಲಿ ಇನ್ನೊಂದು. ಲಸಿಕೆಯಲ್ಲಿರುವುದು ಹೊರಗಿನದು ಮಾತ್ರ, ಅದನ್ನೂ ವೈರಸ್‌ನಿಂದ ತೆಗೆಯುವುದಿಲ್ಲ, ಅದರ ಜೀನ್ ಅನ್ನು ಯೀಸ್ಟ್ ಕೋಶಕ್ಕೆ ಸೇರಿಸಿ ಅಲ್ಲೇ ತಯಾರಿಸುತ್ತಾರೆ. ತಿರುಳಿನ ಪ್ರೋಟೀನನ್ನು ನಿಮ್ಮ ದೇಹ ನೋಡಿಯೇ ಇಲ್ಲ. ಮತ್ತೆ ಅದಕ್ಕೆ ಪ್ರತಿಕಾಯ ಎಲ್ಲಿಂದ ಬರಬೇಕು? ಆಂಟಿ ಎಚ್‌ಬಿಸಿ ಪಾಸಿಟಿವ್ ಇದ್ದರೆ ನಿಜವಾದ ವೈರಸ್ಸೇ ಒಮ್ಮೆ ಮೈಯೊಳಗೆ ಬಂದಿತ್ತು ಅಂತ ಲೆಕ್ಕ.

ಆ ಪ್ರತಿಕಾಯ ಕಾಪಾಡುವುದೂ ಇಲ್ಲ. ತಿರುಳು ಹೊರಪದರದ ಒಳಗೆ ಅಡಗಿರುವುದರಿಂದ ಓಡಾಡುವ ವೈರಸ್‌ನಲ್ಲಿ ಅದು ಕೈಗೆ ಸಿಗುವುದಿಲ್ಲ. ಹೊರಪದರಕ್ಕೆ ಅಂಟಿಕೊಂಡು ವೈರಸ್ ಲಿವರ್ ಕೋಶದೊಳಗೆ ನುಗ್ಗದಂತೆ ತಡೆಯುವುದು ಆಂಟಿ ಎಚ್‌ಬಿಎಸ್. ಅದು ನಿಮ್ಮಿಬ್ಬರಲ್ಲೂ ಇದೆ ಅಲ್ವಾ.

ನಿಮ್ಮ ಗೆಳತಿಗೆ ಸೋಂಕು ಬಂದು ವಾಸಿಯಾಗಿದೆ. ಅವಳಿಂದ ಯಾರಿಗೂ ಹರಡುವುದಿಲ್ಲ, ದಯವಿಟ್ಟು ಹಾಸ್ಟೆಲ್‌ನಲ್ಲಿ ಯಾರೂ ಸುಮ್ನೆ ಅವಳ ತಟ್ಟೆ ಲೋಟ ಬೇರೆ ಇಡಬೇಡಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದವರಿಂದಲೂ ಈ ರೋಗ ಊಟದಿಂದ ಬರುವುದಿಲ್ಲ, ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಅವಳು ಎರಡು ಕೆಲಸ ಮಾಡಲಿ. ಅಮ್ಮ, ಅಣ್ಣ-ತಂಗಿಯರಿಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಲಿ. ಮುಂದೆ ಯಾವತ್ತಾದರೂ ಕೀಮೋಥೆರಪಿಯೋ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯೋ ಬೇಕಾದರೆ ಡಾಕ್ಟರಿಗೆ ಈ ರಿಪೋರ್ಟ್ ಮೊದಲೇ ತೋರಿಸಲಿ, ಏಕೆಂದರೆ ವಾಸಿಯಾದ ಮೇಲೂ ವೈರಸ್‌ನ ಡಿಎನ್‌ಎ ಲಿವರ್ ಕೋಶಗಳಲ್ಲಿ ಉಳಿದಿರುತ್ತದೆ, ಆ ಹೊತ್ತಿನಲ್ಲಿ ಮತ್ತೆ ಏಳಬಹುದು.

ಇನ್ನೊಂದು ಮಾತು. ಡೋಸ್ ಹಾಕಿಸಿಕೊಂಡ ಮೊದಲ ಎರಡು ಮೂರು ವಾರ ಎಚ್‌ಬಿಎಸ್‌ಎಜಿ ಪರೀಕ್ಷೆಗೆ ಹೋಗಬೇಡಿ. ಲಸಿಕೆಯಲ್ಲಿರುವುದೇ ಆ ಪ್ರೋಟೀನ್, ಅದೇ ರಕ್ತದಲ್ಲಿ ಸಿಕ್ಕಿ ರಿಪೋರ್ಟ್ ಪಾಸಿಟಿವ್ ಬರಬಹುದು, ವಿನಾಕಾರಣ ಗಾಬರಿ.

ಪ್ರಶ್ನೆ: ಲಸಿಕೆ ಆಗಿ ಹತ್ತು ವರ್ಷವಾಯಿತು. ಆಗ ಆಂಟಿ ಎಚ್‌ಬಿಎಸ್ 10 ದಾಟಿತ್ತು, ಈಗ 6ಕ್ಕೆ ಇಳಿದಿದೆ. ಬೂಸ್ಟರ್ ಬೇಕೇ?

ಉತ್ತರ: ಆರೋಗ್ಯವಂತರಾಗಿದ್ದರೆ ಬೇಡ. ಪ್ರತಿಕಾಯ ಇಳಿದರೂ ಅದನ್ನು ತಯಾರಿಸುವ ನೆನಪಿನ ಕೋಶಗಳು ಇರುತ್ತವೆ. ಈ ವೈರಸ್ ಬೆಳೆಯುವುದು ನಿಧಾನ, ಸೋಂಕು ತಗುಲಿ ರೋಗ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು, ಅಷ್ಟರಲ್ಲಿ ದೇಹ ಮತ್ತೆ ಪ್ರತಿಕಾಯ ಮಾಡಿಕೊಳ್ಳುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯ ಬೇರೆ, ಅವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, 10ಕ್ಕಿಂತ ಕಡಿಮೆ ಬಂದರೆ ಬೂಸ್ಟರ್ ಹಾಕಿಸಿಕೊಳ್ಳಬೇಕು.