ಆಕಳಿಕೆಯಿಂದ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ ‘ದವಡೆ ಕೀಲಿನ ಅಸ್ಥಿರಜ್ಜುಗಳು’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ಬಿಡುವ ಮನಸ್ಸೂ ಇಲ್ಲ.

ಮೊದಲ ಪುಟದಲ್ಲೇ ಐದು ಹೆಸರು, ಒಂದೊಂದೂ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂಬ ಪಟ್ಟಿ. ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗಿದೆ. ಎಲುಬಿಗೆ ಎಲುಬನ್ನು ಕಟ್ಟುವ ಈ ಪಟ್ಟಿಗೆ ‘ಅಸ್ಥಿರಜ್ಜು’ ಬೇಡ, ಲಿಗಮೆಂಟ್ ಎನ್ನಿ. ಕ್ರಿಕೆಟ್ ನೋಡುವವರಿಗೆಲ್ಲ ಆ ಪದ ಗೊತ್ತು.

ಒಂದು ತಪ್ಪನ್ನು ಮಾತ್ರ ಒಪ್ಪಲಾರೆ. ‘ರಬ್ಬರ್ ಬ್ಯಾಂಡಿನಂತೆ ಹಿಗ್ಗಿ ದವಡೆಯನ್ನು ವಾಪಸ್ ಎಳೆಯುತ್ತವೆ’ ಎಂದಿದ್ದೀರಿ. ಎಳೆಯುವುದು ಸ್ನಾಯುಗಳ ಕೆಲಸ. ಲಿಗಮೆಂಟ್ ಕರುವಿಗೆ ಕಟ್ಟಿದ ಕಣ್ಣಿಯ ಹಾಗೆ. ಕರು ಗೂಟದ ಹತ್ತಿರವಿದ್ದರೆ ಸಡಿಲ, ದೂರ ಹೋದರೆ ಬಿಗಿ.

ಆ ಬಿಗಿಯೇ ನಿಮ್ಮ ಕಥೆ. ಕಿವಿಯ ಮುಂದೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆರೆಯಿರಿ. ಮೊದಲ 20–25 ಮಿಲಿಮೀಟರ್ ತನಕ ಕೆಳದವಡೆಯ ಗುಂಡು ತಲೆ ಹೆಚ್ಚುಕಡಿಮೆ ಇದ್ದಲ್ಲೇ ತಿರುಗುತ್ತದೆ. ಆಮೇಲೆ ಹೊರಬದಿಯ ಲಿಗಮೆಂಟಿನ ಓರೆ ಎಳೆಗಳು ಬಿಗಿದುಕೊಳ್ಳುತ್ತವೆ. ಇನ್ನೂ ತೆರೆಯಬೇಕೆಂದರೆ ಆ ಗುಂಡು ತಲೆ ಮುಂದಕ್ಕೆ ಜಾರಲೇಬೇಕು. ಬೆರಳಿಗೇ ಗೊತ್ತಾಗುತ್ತದೆ, ಅಲ್ವಾ? ಇದಕ್ಕೆ ನೀವು ಕೊಟ್ಟಿದ್ದು ಅರ್ಧ ಸಾಲು!

ನಮ್ಮ ಸೋದರತ್ತೆ ಒಮ್ಮೆ ಆಕಳಿಸಿ, ಬಾಯಿ ಮುಚ್ಚಲಾಗದೆ ಕೂತುಬಿಟ್ಟಿದ್ದರು. ಮಕ್ಕಳಾಗಿದ್ದ ನಾವು ನಕ್ಕೆವು, ಪಾಪ. ಹೀಗಾದಾಗ ‘ಲಿಗಮೆಂಟ್ ಹರಿಯುತ್ತದೆ’ ಎಂದು ಬರೆದಿದ್ದೀರಿ. ಸಾಮಾನ್ಯವಾಗಿ ಹಾಗಲ್ಲ. ಗುಂಡು ತಲೆ ಮುಂದಿನ ಎಲುಬಿನ ದಿಬ್ಬ ದಾಟಿ ನಿಲ್ಲುತ್ತದೆ. ಸ್ನಾಯುಗಳು ಸೆಟೆದುಕೊಂಡು ವಾಪಸ್ ಬರಲು ಬಿಡುವುದಿಲ್ಲ. ಅತ್ತೆಗೆ ಡಾಕ್ಟರು ಎರಡೂ ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು, ಕೆಳಕ್ಕೆ ಒತ್ತಿ, ಹಿಂದಕ್ಕೆ ತಳ್ಳಿ ಕೂರಿಸಿದರು. ಇಂಥದ್ದೊಂದು ಆಕಳಿಕೆಯಿಂದಲೇ ಲೇಖನ ಶುರುವಾಗಲಿ.

ಒಳಬದಿಯ ಸ್ಫೀನೋಮ್ಯಾಂಡಿಬ್ಯುಲರ್ ಲಿಗಮೆಂಟನ್ನು ‘ಮಹತ್ವವಿಲ್ಲ’ ಎಂದು ತಳ್ಳಿಹಾಕಿದ್ದೀರಿ. ಬಾಯಿ ಆಡಿಸುವ ಲೆಕ್ಕದಲ್ಲಿ ಸರಿ. ಆದರೆ ಅದರ ಹುಟ್ಟು ನೋಡಿ. ಹೊಟ್ಟೆಯಲ್ಲಿರುವ ಕೂಸಿಗೆ ಮೆಕೆಲ್ ಎಂಬ ಮೃದು ಎಲುಬಿನ (ಕಾರ್ಟಿಲೇಜ್) ಪಟ್ಟಿ ಇರುತ್ತದೆ. ಅದರ ಹಿಂತುದಿಯಿಂದ ಕಿವಿಯೊಳಗಿನ ಎರಡು ಪುಟ್ಟ ಎಲುಬುಗಳಾಗುತ್ತವೆ. ಈ ಲಿಗಮೆಂಟ್ ಅದೇ ಪಟ್ಟಿಯ ಉಳಿಕೆ. ಕೆಳಗಿನ ದವಡೆಹಲ್ಲು ಕೀಳುವ ಮೊದಲು ಜೋಮು ಹಿಡಿಸುವ ಸೂಜಿ ಹೋಗುವುದೂ ಇದು ಅಂಟಿರುವ ಜಾಗದ ಪಕ್ಕಕ್ಕೇ. ಇದಕ್ಕಿಂತ ಏನು ಬೇಕು ಸ್ವಾಮಿ?

ಇನ್ನೊಂದು ಲಿಗಮೆಂಟ್, ಸ್ಟೈಲೋಮ್ಯಾಂಡಿಬ್ಯುಲರ್‌ಗೆ ಒಂದು ಸಾಲು ಸಾಕು. ಪಠ್ಯಪುಸ್ತಕದ ಚಿತ್ರ ಬೇಡ, ನೀವೇ ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿ. 800 ಪದ ಮೀರದಿರಲಿ. ಮುಂದಿನ ತಿಂಗಳ 10ರೊಳಗೆ ಬಂದರೆ ಮತ್ತೆ ಓದುತ್ತೇನೆ.

ಸಂಪಾದಕ