ಚಾಕು ಪೂರ್ತಿ ನಿಮ್ಮದು, ಕೋವಿ ಅರ್ಧ ಸರ್ಕಾರದ್ದು

ಪ್ರಶ್ನೆ: ನನಗೆ 32 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಊರು ಕೊಪ್ಪದ ಹತ್ತಿರ. ಮನೆಯಲ್ಲಿ ಅಪ್ಪನ ಹೆಸರಿನ ಜೋಡಿ ನಳಿಗೆಯ ಕೋವಿ ಇದೆ. ಚಿಕ್ಕಂದಿನಿಂದ ಅದರ ಮೇಲೆ ನನಗೆ ಕಣ್ಣು. ಅಮೆರಿಕದಲ್ಲಿರುವ ಗೆಳೆಯನ ಹತ್ತಿರ ಏಳು ಗನ್, ನಲವತ್ತು ಚಾಕು ಇವೆ. “ನಿಮ್ಮಲ್ಲಿ ಗನ್ ಸಂಗ್ರಹ ಆಗದ ಮಾತು. ಚಾಕು ಶುರು ಮಾಡು, ಅದು ಬಡವರ ಗನ್” ಎಂದು ನಗುತ್ತಾನೆ. ಹೌದಾ ಸರ್? ನಾನು ಯಾವುದನ್ನು ಹಿಡಿಯಲಿ? ಹೆಂಡತಿಗೆ ಎರಡೂ ಇಷ್ಟವಿಲ್ಲ. ಮೂರು ವರ್ಷದ ಮಗಳಿದ್ದಾಳೆ.

ಉತ್ತರ: ನಿಮ್ಮ ಗೆಳೆಯನ ಮಾತಿನಲ್ಲಿ ಅರ್ಧ ಸರಿ ಇದೆ. ಅವನಿರುವ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು 1791ರಿಂದ ಸಂವಿಧಾನದಲ್ಲೇ ಬರೆದಿಟ್ಟ ಹಕ್ಕು. ದುಡ್ಡಿದ್ದು, ಅವನ ರಾಜ್ಯದ ನಿಯಮ ಒಪ್ಪಿದರೆ ಏಳೇನು, ಹದಿನೇಳು ಕೊಳ್ಳಬಹುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೇಳಿ ಪಡೆಯಬೇಕು, ಏಕೆ ಬೇಕು ಎಂದು ಹೇಳಬೇಕು. ಬೆಳೆ ಕಾಯಲು, ಪ್ರಾಣರಕ್ಷಣೆಗೆ, ಗುರಿ ಅಭ್ಯಾಸಕ್ಕೆ ಅಂದರೆ ಫೈಲು ಮುಂದಕ್ಕೆ ಹೋಗುತ್ತದೆ. ‘ನೋಡಲು ಚೆಂದ, ನಾಲ್ಕು ಇಟ್ಟುಕೊಳ್ಳುತ್ತೇನೆ’ ಎಂದು ಬರೆದರೆ ಹೋಗುವುದಿಲ್ಲ. 2019ರ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರಿತ್ತು. ಎರಡು ಕೋವಿಯದು ಎಂಥ ಸಂಗ್ರಹ ಮಾರಾಯ್ರೆ!

ನನ್ನ ಹತ್ತಿರವೂ ಒಂದು ಒಂಟಿ ನಳಿಗೆ ಇದೆ, ಬೆಳೆ ರಕ್ಷಣೆಯ ಲೈಸೆನ್ಸಿನದು. ಅದು ಪೂರ್ತಿ ನನ್ನದು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಜಿಲ್ಲೆಯಲ್ಲಾದರೆ ಡಿಸಿ ಕಚೇರಿ, ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿ. ತೋಟೆಗೂ ಲೆಕ್ಕ. ಚುನಾವಣೆ ಬಂತು ಅಂದರೆ ‘ಕೋವಿ ತಂದು ಠಾಣೆಯಲ್ಲಿ ಇಡಿ’ ಎಂದು ಕರೆ ಬರುತ್ತದೆ. ಒಮ್ಮೆ ಹಾಗೆ ಇಟ್ಟು, ಎರಡು ತಿಂಗಳ ಮೇಲೆ ವಾಪಸ್ ತಂದಾಗ ನಳಿಗೆಯ ಒಳಗೆಲ್ಲ ತುಕ್ಕು. ಆ ಎರಡು ತಿಂಗಳು ಹಂದಿಗಳಿಗೂ ಚುನಾವಣೆ ರಜೆ ಇರಲಿಲ್ಲ!

ಇನ್ನೊಂದು ವಿಷಯ. ಕೋವಿ ಸಿಕ್ಕರೂ ಅದನ್ನು ಹಿಡಿದು ಏನು ಮಾಡುತ್ತೀರಿ? ನಮ್ಮ ಅಜ್ಜಂದಿರ ಶಿಕಾರಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. ಮದುವೆ ಮನೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಯಾರದಾದರೂ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಉಳಿಯುವುದು ಒರೆಸಿ, ಎಣ್ಣೆ ಹಾಕಿ, ಬೀಗ ಹಾಕುವುದು. ಅದನ್ನು ಹವ್ಯಾಸ ಅನ್ನುವ ಬದಲು ಜವಾಬ್ದಾರಿ ಅಂದರೆ ಸರಿಹೋಗುತ್ತದೆ.

ಕೊಡಗಿನ ಕಥೆ ಬೇರೆ ಎಂದು ನೀವು ಹೇಳಬಹುದು. ಹೌದು, ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ಯಾರೂ ಅದನ್ನು ಹವ್ಯಾಸ ಅನ್ನುವುದಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅವರ ಆಯುಧ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿ, ಅಗಲದ ಒಡಿಕತ್ತಿ, ಸೊಂಟದ ಪೀಚೆಕತ್ತಿ ಎಲ್ಲ ಒಟ್ಟಿಗೆ ಇಟ್ಟು ತೋಕ್‌ಪೂ, ಅಂದರೆ ಕೋವಿ ಹೂವು, ಮುಡಿಸಿ ಪೂಜೆ. ಕೋವಿ ಆ ಮನೆಯವರಲ್ಲೇ ಒಬ್ಬರಿದ್ದ ಹಾಗೆ.

ಅಪ್ಪನ ಕೋವಿಯ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಬೆಂಗಳೂರಿಗೆ ತರುವ ಯೋಚನೆ ಬೇಡ. ಲೈಸೆನ್ಸ್ ಅಪ್ಪನದು, ನಿಮ್ಮದಲ್ಲ. ‘ಸುಮ್ನೆ ಒಂದು ಗುಂಡು ಹೊಡೆದು ನೋಡ್ತೀನಿ’ ಅನ್ನುವುದೂ ಬೇಡ. ಮುಂದೊಂದು ದಿನ ಅದು ನಿಮಗೆ ಬೇಕಾದರೆ ನಿಮ್ಮ ಹೆಸರಿಗೇ ಅರ್ಜಿ ಹಾಕಬೇಕು. ತಂದೆಯ ಆಸ್ತಿಯ ಹಾಗೆ ತಾನಾಗಿ ಬರುವುದಿಲ್ಲ.

ನಿಮಗೆ ನಿಜಕ್ಕೂ ಬೇಕಿರುವುದು ಗುರಿ ಹೊಡೆಯುವ ಸುಖವಾದರೆ ಶೂಟಿಂಗ್ ಕ್ಲಬ್ ಸೇರಿ. ಹತ್ತು ಮೀಟರ್ ಏರ್ ರೈಫಲ್ ಹಿಡಿಯಿರಿ. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಹಾರಿಸುವ ಪುಟ್ಟ ಗುಂಡು, ಪೆಲೆಟ್ಟಿನ ದಪ್ಪವೇ ನಾಲ್ಕೂವರೆ. ಉಸಿರು ಬಿಗಿಹಿಡಿದು ಆ ಚುಕ್ಕೆ ತೆಗೆಯುವಾಗಿನ ಮಜಾ ಅಪ್ಪನ ಕೋವಿಯಲ್ಲಿ ಸಿಗಲಾರದು.

ಬೇಕಿರುವುದು ವಸ್ತುವಾದರೆ, ಅಂದರೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು, ಮಾಡಿದವನ ಕೈಗುಣ ಕಾಣಬೇಕು ಅನ್ನಿಸಿದರೆ, ಚಾಕು. ಇಲ್ಲಿ ನಿಮ್ಮ ಗೆಳೆಯನ ‘ಬಡವರ ಗನ್’ ಮಾತು ಬಿದ್ದುಹೋಗುತ್ತದೆ. ಗನ್ನನ್ನು ಅವನು ಶನಿವಾರ ರೇಂಜಿಗೆ ಒಯ್ಯುತ್ತಾನೆ. ಚಾಕು ನಿಮಗೆ ದಿನಾ ಬೇಕು. ಮಾವಿನಕಾಯಿ ಹೆಚ್ಚುತ್ತೀರಿ, ಮೊಂಡಾಗುತ್ತದೆ, ಮಸೆಯುತ್ತೀರಿ, ಇನ್ನಷ್ಟು ನಿಮ್ಮದಾಗುತ್ತದೆ. ಸಂಗ್ರಹ ಅಂದರೆ ಇದೇ ಅಲ್ವಾ?

ದುಬಾರಿಯದರಿಂದ ಶುರು ಮಾಡಬೇಡಿ. ಮೊದಲನೆಯದನ್ನು ನಿಮ್ಮೂರಿನ ಕಮ್ಮಾರರ ಕುಲುಮೆಯಿಂದ ತನ್ನಿ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಒಳ್ಳೆ ಹದ ಕೊಡುತ್ತಾರೆ. ಎರಡನೆಯದು ಫ್ರಾನ್ಸಿನ ಒಪಿನೆಲ್. 1890ರಿಂದ ಬರುತ್ತಿರುವ ಸಾದಾ ಮಡಚುವ ಚಾಕು, ಮರದ ಹಿಡಿ. ಮಲೆನಾಡಿನ ಮಳೆಗಾಲದಲ್ಲಿ ಹಿಡಿ ಉಬ್ಬಿ ತೆರೆಯುವುದೇ ಕಷ್ಟವಾಗುತ್ತದೆ, ಅದು ಅದರ ಸ್ವಭಾವ. ಮೂರನೆಯದನ್ನು ನೀವೇ ಆರಿಸಿ. ಅಲೆಅಲೆ ಗೆರೆಯ ‘ಡಮಾಸ್ಕಸ್’ ಉಕ್ಕಿನ ಚಾಕು ಅಗ್ಗಕ್ಕೆ ಸಿಕ್ಕರೆ ಬೆನ್ನಿನ ಕಡೆ ತಿರುಗಿಸಿ ನೋಡಿ. ಗೆರೆ ಅಲ್ಲಿಗೂ ಮುಂದುವರಿದಿರಬೇಕು. ಎರಡು ಮಗ್ಗುಲಲ್ಲಿ ಮಾತ್ರ ಇದ್ದು ಬೆನ್ನು ಬೋಳಾಗಿದ್ದರೆ ಮೇಲೆ ಕೊರೆದ ಚಿತ್ರ ಅಂತಲೇ ಲೆಕ್ಕ.

ಚಾಕುವಿಗೂ ಕಾನೂನು ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಅಡುಗೆ, ಕೃಷಿ, ಕೈಗಾರಿಕೆಗೆಂದು ಮಾಡಿದ್ದಕ್ಕೆ ಇದು ಅನ್ವಯಿಸದು. ಹಾಗಾಗಿ ನಿಮ್ಮ ಮನೆಯ ಮಚ್ಚು, ಮೆಟ್ಟುಗತ್ತಿ ಬಚಾವ್. ಇದರ ಮೇಲೆ ಕೆಲವು ಕಡೆ ಬೇರೆ ಅಧಿಸೂಚನೆಗಳಿವೆ. ದೆಹಲಿಯಲ್ಲಿ 1980ರಿಂದ, ಬಟನ್ ಒತ್ತಿದರೆ ತೆರೆಯುವಂಥ ಚಾಕುವಿನ ಅಲಗು 7.62 ಸೆಂಟಿಮೀಟರ್ ಮುಟ್ಟಿ, ಅಗಲ 1.72 ಸೆಂಟಿಮೀಟರ್ ಇದ್ದರೂ ಸಾಕು, ಕೇಸು. ಬಟನ್ ಚಾಕು ನಿಮ್ಮ ಸಂಗ್ರಹಕ್ಕೆ ಬೇಡವೇ ಬೇಡ. ಯಾವ ಚಾಕುವನ್ನೂ ಸೊಂಟಕ್ಕೆ ಸಿಕ್ಕಿಸಿ ಪೇಟೆ ತಿರುಗಬೇಡಿ. ವಿಮಾನ ಹತ್ತುವಾಗ ಕೈಚೀಲದಲ್ಲಿ ಇಡಬೇಡಿ.

ಹೊಸಬರು ಮಾಡುವ ತಪ್ಪು ಒಂದೇ: ಚಾಕುವನ್ನು ಚರ್ಮದ ಒರೆಯಲ್ಲೇ ಇಟ್ಟು ಮರೆಯುವುದು. ಚರ್ಮ ತೇವ ಹೀರುತ್ತದೆ, ಜೂನ್‌ನಲ್ಲಿಟ್ಟದ್ದನ್ನು ಸೆಪ್ಟೆಂಬರಿನಲ್ಲಿ ತೆಗೆದರೆ ಅಳುವುದೊಂದೇ ಬಾಕಿ. ಒರೆ ಬೇರೆ, ಚಾಕು ಬೇರೆ ಇಡಿ. ಕೊಬ್ಬರಿ ಎಣ್ಣೆ ಬೇಡ, ದಿನ ಹೋದಂತೆ ಅಂಟಾಗುತ್ತದೆ. ಹೊಲಿಗೆ ಮಿಷಿನ್ ಎಣ್ಣೆ ತೆಳ್ಳಗೆ ಸವರಿ. ತಿನ್ನುವುದನ್ನು ಹೆಚ್ಚುವ ಚಾಕುವಿಗೆ ಮಾತ್ರ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್.

ನಿಮ್ಮ ಮನೆಯವರ ಹೆದರಿಕೆ ನ್ಯಾಯವಾದದ್ದು. ಮೂರು ವರ್ಷದ ಮಗು ಇರುವ ಮನೆಯಲ್ಲಿ ಗೋಡೆಗೆ ನೇತುಹಾಕುವ ಷೋಕಿ ಬೇಡ. ಬೀಗದ ಕಪಾಟು ಮೊದಲು ಕೊಳ್ಳಿ, ಚಾಕು ಆಮೇಲೆ. ಮತ್ತೆ, ಅಡುಗೆಮನೆಯ ಮೊಂಡು ಚಾಕುಗಳನ್ನೆಲ್ಲ ಈ ಭಾನುವಾರ ನೀವೇ ಕೂತು ಮಸೆದು ಕೊಡಿ. ನನ್ನ ಮನೆಯಲ್ಲಿ ವಿರೋಧ ಕರಗಿದ್ದು ಹಾಗೆ.

ಪ್ರಶ್ನೆ: ಅಟ್ಟ ಗುಡಿಸುವಾಗ ತಾತನ ಕಾಲದ ಕತ್ತಿ ಸಿಕ್ಕಿದೆ. ಒಂದೂವರೆ ಮೊಳ ಇದೆ, ಹಿತ್ತಾಳೆ ಹಿಡಿ. ಅಲಗಿನಲ್ಲಿ ತುಕ್ಕಿನ ನಡುವೆ ನೀರಿನಂಥ ಗೆರೆಗಳು ಕಾಣುತ್ತವೆ. ಆಯುಧ ಪೂಜೆಗೆ ಹುಣಸೆಹಣ್ಣು ಹಾಕಿ ಬೆಳಗಲೇ?

ಉತ್ತರ: ಬೇಡಮ್ಮ, ದಯವಿಟ್ಟು ಬೇಡ! ಮರಳು ಕಾಗದವನ್ನೂ ಮುಟ್ಟಿಸಬೇಡಿ. ಆ ಗೆರೆ ನಮ್ಮ ದಕ್ಷಿಣದ ಹಳೇ ಉಕ್ಕಿನದೇ ಇರಬಹುದು. ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಇಂಗಾಲದೊಂದಿಗೆ ಕರಗಿಸಿ ಮಾಡುತ್ತಿದ್ದ ಉಕ್ಕು ಅದು. ಇಲ್ಲಿನ ಗಟ್ಟಿಗಳು ಪರ್ಷಿಯಾದವರೆಗೆ ಹೋಗಿ ಕತ್ತಿಗಳಾದವು. ಇಂಗ್ಲಿಷರು 1795ರ ಹೊತ್ತಿಗೆ ಅದನ್ನು ‘ವೂಟ್ಜ್’ ಎಂದು ಬರೆದರು. ನಮ್ಮ ‘ಉಕ್ಕು’ ಪದವೇ ಹಾಗಾಯಿತು ಎನ್ನುತ್ತಾರೆ. ಮುಂದೆ ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಅದರ ಗುಟ್ಟು ಹುಡುಕಲು ಕೂತಿದ್ದ. ಹುಳಿ ಬಿದ್ದರೆ ಅಂಥ ಅಲಗಿನ ಮೈ ಕಲೆಗಟ್ಟುತ್ತದೆ. ಉಜ್ಜಿದರೆ ಗೆರೆಯೇ ಮಾಸಿ, ಬೆಲೆಯೂ ಹೋಗುತ್ತದೆ.

ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ತೆಳ್ಳಗೆ ಮಿಷಿನ್ ಎಣ್ಣೆ ಹಚ್ಚಿ ಬಿಡಿ. ಉದ್ದ ಒಂಬತ್ತು ಇಂಚು ದಾಟಿದೆಯಾದ್ದರಿಂದ ನಿಮ್ಮ ಡಿಸಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಒಮ್ಮೆ ಕೇಳಿಕೊಳ್ಳಿ. ನೂರು ವರ್ಷ ದಾಟಿದ್ದರೆ ಅದು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ. ಆಗ ಲಂಡನ್ನಿನಲ್ಲಿರುವ ಮಗನಿಗೆ ಕಳಿಸುವಂತಿಲ್ಲ, ಹೊರದೇಶಕ್ಕೆ ಮಾರುವಂತಿಲ್ಲ. 2023ರಲ್ಲಿ ಟಿಪ್ಪುವಿನ ಕತ್ತಿಯೊಂದು ಅದೇ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು, ನಿಜ. ಅದನ್ನು ಓದಿ ಆಸೆಪಟ್ಟು, ಮನೆ ಬಾಗಿಲಿಗೆ ಬರುವ ಹಳೇ ಸಾಮಾನಿನವರ ಕೈಗೆ ಕತ್ತಿ ಕೊಡಬೇಡಿ. ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮೊದಲು ಫೋಟೊ ಮಾತ್ರ ತೋರಿಸಿ. ಪೂಜೆಗೆ ಅರಿಶಿನ ಕುಂಕುಮ ಅಲಗಿಗೆ ಹಚ್ಚದೆ, ಕೆಳಗಿನ ಮಣೆಗೆ ಹಚ್ಚಿದರೆ ಸಾಕು.