ಚರ್ಚ್ ಸಭೆಯ ವಿಚಾರಣಾ ಸಮಿತಿಗೆ ಲೇ ಮೆಂಬರ್ (ಪಾದ್ರಿಯಲ್ಲದ ಸದಸ್ಯ) ಆಗಿ ಕರೆದಿದ್ದಾರೆ, ಒಪ್ಪಿಕೊಳ್ಳಲೇ?

ಒಪ್ಪಿಕೊಳ್ಳಿ. ನಿಮ್ಮದು ಬ್ಯಾಂಕ್ ಕೆಲಸ, ದೇವಶಾಸ್ತ್ರ ಓದಿಲ್ಲ, ಅಯ್ಯನವರೊಬ್ಬರ (ಪಾದ್ರಿಯೊಬ್ಬರ) ಮೇಲಿನ ದೂರು ವಿಚಾರಿಸಲು ಬಿಷಪರ ಪತ್ರ ಬಂದಿದೆ, ಅಲ್ಲಿ ಕೂತು ನಾನೇನು ಮಾಡಲಿ ಎಂದು ಕೇಳಿದ್ದೀರಿ. ನಾನು ಕರಾವಳಿಯ ಒಂದು ಪ್ರೊಟೆಸ್ಟೆಂಟ್ ಸಭೆಯವಳು, ನಿವೃತ್ತ ಶಿಕ್ಷಕಿ. ಇಬ್ಬರು ಅಯ್ಯನವರ ಜೊತೆ ಮೂರನೆಯವಳಾಗಿ ಅಂಥದೇ ಸಮಿತಿಯಲ್ಲಿ ಕೂತಿದ್ದೆ.

ನಮ್ಮ ಮುಂದೆ ಬಂದದ್ದು ಬೆಳೆ ಹಬ್ಬದ ಏಲಂ ಹಣ. ಬಾಳೆಗೊನೆ, ಕುಂಬಳಕಾಯಿ, ಊರಕೋಳಿ ಏಲಂ ಹಾಕಿ ಬಂದ ನಗದನ್ನು ಅಯ್ಯನವರು ಏಳು ತಿಂಗಳಾದರೂ ಬ್ಯಾಂಕಿಗೆ ಕಟ್ಟಿರಲಿಲ್ಲ. ದೂರು ಕೊಟ್ಟವರು ಏಲಂ ದಿನ ಲೆಕ್ಕ ಬರೆದಿದ್ದ ಹೆಂಗಸು. ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಪಕ್ಕದ ಕೋಣೆಯಲ್ಲಿ, ಪ್ರಾರ್ಥನೆ ಮುಗಿದದ್ದೇ ತಡ, ಸಮಿತಿಯ ಹಿರಿಯರು ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ಮತ್ತಾಯ 18 ಓದಿದ್ದೀರಲ್ಲ? ಮೊದಲು ನೀವೊಬ್ಬರೇ ಹೋಗಿ ಅವರ ಹತ್ತಿರ ಮಾತಾಡಬಾರದಿತ್ತೇ?"

"ಮೂರು ಸಾರಿ ಹೋಗಿದ್ದೆ" ಅಂದರು ಆಕೆ, ತಲೆ ಎತ್ತದೆ. ದೂರು ತಂದವರೇ ತಪ್ಪು ಮಾಡಿದವರ ಹಾಗೆ ಕೂತಿದ್ದರು. ನನ್ನ ಕೆಲಸ ಏನೆಂದು ನನಗೆ ಗೊತ್ತಾದದ್ದು ಆಗ.

ಬೈಬಲಿನ ಮತ್ತಾಯನ ಸುವಾರ್ತೆಯ ಆ ಅಧ್ಯಾಯದ 15ನೇ ವಚನ ಇರುವುದು ಸಹೋದರ ಸಹೋದರನಿಗೆ ಮಾಡಿದ ತಪ್ಪಿನ ಬಗ್ಗೆ. ಸಭೆಯ ಹಣ ಆಕೆಯ ಸ್ವಂತ ಜಗಳವಲ್ಲ, ಹಾಗಂತ ಹೇಳಿದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5:19 ಕೂಡ ನಿಮ್ಮ ಮುಂದೆ ಬರುತ್ತದೆ, ಎರಡು ಮೂರು ಸಾಕ್ಷಿಗಳಿಲ್ಲದೆ ಸಭೆಯ ಹಿರಿಯರ ಮೇಲೆ ದೂರು ತೆಗೆದುಕೊಳ್ಳಬಾರದು ಎಂದು. ಅದು ನ್ಯಾಯವೇ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಲು ಬಿಡಬೇಡಿ. ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸಬೇಕೆಂದು 20ನೇ ವಚನ ಹೇಳುತ್ತದೆ, ಅದನ್ನೂ ಓದಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ನೀವು ಎದುರಿಸುವುದು "ಕ್ಷಮಿಸಿಬಿಡಿ" ಅನ್ನುವ ಮಾತನ್ನು. ಒಳ್ಳೆಯ ಮನಸ್ಸಿನವರೇ ಅದನ್ನು ಹೇಳುತ್ತಾರೆ, ಅದಕ್ಕೇ ಎದುರು ಮಾತಾಡುವುದು ಕಷ್ಟ. ಕ್ಷಮೆ ಬೇರೆ, ವಿಚಾರಣೆ ಬೇರೆ. ಏನು ನಡೆಯಿತೆಂದೇ ತಿಳಿಯದೆ ಯಾವುದನ್ನು ಕ್ಷಮಿಸುವುದು?

ಆರೋಪ ಹೊತ್ತವರಿಗೂ ಸರಿಯಾದ ವಿಚಾರಣೆಯೇ ಬೇಕು. ಆರೋಪವನ್ನು ಬರಹದಲ್ಲಿ ಕೊಟ್ಟು, ಉತ್ತರಕ್ಕೆ ಹದಿನೈದು ದಿನ ಕೊಡಿಸಿದೆ. ಅವರು ತಮ್ಮ ಪರವಾಗಿ ಕರೆತಂದ ಬಡಗಿ ಬಂದು, ಮಳೆಗಾಲಕ್ಕೆ ಮುಂಚೆ ಅಯ್ಯನವರ ಬಂಗಲೆಯ ಮಾಡಿನ ಪಕ್ಕಾಸು, ಹೆಂಚು ಬದಲಾಯಿಸಿದ ಕೂಲಿ ಎಷ್ಟೆಂದು ಹೇಳಿದ. ಹೆಚ್ಚಿನ ಹಣ ಅಲ್ಲಿಗೇ ಹೋಗಿತ್ತು, ಆದರೆ ಸಭೆಯ ಆಡಳಿತ ಸಮಿತಿಯ ಒಪ್ಪಿಗೆ ಇರಲಿಲ್ಲ, ಒಂದು ಬಿಲ್ಲೂ ಇರಲಿಲ್ಲ. ಉಳಿದದ್ದಕ್ಕೆ ಲೆಕ್ಕ ಸಿಗಲಿಲ್ಲ. ಊರಿನಲ್ಲಿ ಪೂರ್ತಿ ನುಂಗಿದರು ಎಂದೇ ಸುದ್ದಿಯಾಗಿತ್ತು. ವರದಿಯಲ್ಲಿ ಮಾಡಿಗೆ ಹೋದದ್ದನ್ನೂ ಲೆಕ್ಕ ಸಿಗದ್ದನ್ನೂ ಬರೆದೆವು. ಉಳಿದ ಹಣ ವಾಪಸು ಕಟ್ಟಬೇಕು, ಇನ್ನು ಮುಂದೆ ನಗದು ಅವರ ಕೈಗೆ ಹೋಗಬಾರದು ಎಂದು ಶಿಫಾರಸು ಮಾಡಿದೆವು. ತೀರ್ಮಾನ ಬಿಷಪರದು.

ಒಂದು ವಿಷಯದಲ್ಲಿ ಮಾತ್ರ ಕೂರಲೇಬೇಡಿ. ದೂರು ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ್ದಾದರೆ ಅದು ಸಭೆ ಕೂತು ವಿಚಾರಿಸುವ ಸಂಗತಿಯಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. ಮೊದಲ ದಿನವೇ ಇದನ್ನು ಹೇಳಿ ಎದ್ದುಬಿಡಿ.

ಎರಡರಲ್ಲಿ ಯಾವ ಕಡೆಯಲ್ಲಾದರೂ ನಿಮ್ಮ ನೆಂಟರಿದ್ದರೆ ಅದನ್ನು ಬಿಷಪರಿಗೆ ಈಗಲೇ ಬರೆಯಿರಿ. ನಮ್ಮಂಥ ಸಣ್ಣ ಸಭೆಗಳಲ್ಲಿ ಯಾರು ಯಾರಿಗೆ ನೆಂಟರಲ್ಲ, ಆದರೂ ಹೇಳಿಬಿಡುವುದು ಮೇಲು. ಸಮಿತಿಯ ಮಾತು ಹೊರಗೆ ಹೋಗದಿರಲಿ. ಮೀನು ಮಾರ್ಕೆಟ್ಟಿನಲ್ಲೂ ಜನ ಕೇಳುತ್ತಾರೆ, ಗಂಡನಿಗೂ ನಾನು ಏನೂ ಹೇಳಲಿಲ್ಲ.

ನೀವು ಬ್ಯಾಂಕಿನವರು ಅಂದಿರಿ. ನಿಮ್ಮಲ್ಲೂ ಹಣದ ದೂರೇ ಆದರೆ ಪಾಸ್‌ಬುಕ್, ಕ್ಯಾಶ್‌ಬುಕ್, ರಸೀದಿ ಪುಸ್ತಕದ ಅರ್ಧಚೀಟಿಗಳನ್ನು ಮೊದಲು ತರಿಸಿ ನೋಡಿ. ಸಾಕ್ಷಿಗಳನ್ನು ಆಮೇಲೆ ಕರೆಯಿರಿ.